ಒಂದೇ ಸಲ ಕೇಳುವ ಮನೆ

ಮೇಲಿನ ಮನೆಗೆ ಆ ಹುಡುಗಿ ಬಂದ ದಿನ ಅವಳ ಕಾಲಲ್ಲಿ ದಪ್ಪ ಉಣ್ಣೆಯ ಕಾಲುಚೀಲವಿತ್ತು. ಪುಲಿಕೇಶಿನಗರದ ನಮ್ಮ ಮನೆ ನನ್ನ ತಂದೆಯ ಕಾಲದ್ದು. ಕೆಂಪು ಗಾರೆಯ ಮೆಟ್ಟಿಲುಗಳು ವರ್ಷಗಟ್ಟಲೆ ಒರೆಸಿ ಒರೆಸಿ ಕನ್ನಡಿಯ ಹಾಗಾಗಿವೆ. "ಜಾರುತ್ತೆ, ಬಿಚ್ಚಿಬಿಡಮ್ಮ" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಎದೆಯ ಮೇಲೆ ಕೈಯಿಟ್ಟು, ತಲೆ ಬಾಗಿಸಿ, ತುಂಬಾ ಉಪಕಾರವಾಯಿತು ಎಂದಳು. ಕಾಲುಚೀಲ ಮಾತ್ರ ಬಿಚ್ಚಲಿಲ್ಲ. ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿದಳು. ಹಿಂದೆ ಅವಳ ಸೂಟ್‌ಕೇಸ್ ಹೊತ್ತುಕೊಂಡಿದ್ದ ಆಟೋದವನು ನನ್ನ ಕಡೆ ತಿರುಗಿ ಪಿಸುಗುಟ್ಟಿದ.

"ಯಾವೂರು ಮೇಡಂ ಇವ್ರದ್ದು? ಕಾಶ್ಮೀರಾನಾ?"

"ಇರಾನ್ ಅಂತಪ್ಪ."

"ಓ, ಇರಾನಿ ಚಾಯ್!" ಎಂದು ಅವನು ಎಲ್ಲ ತಿಳಿದವನಂತೆ ತಲೆಯಾಡಿಸಿ ಮೇಲೆ ಹೋದ.

ಮೇಲೆ ಇರುವುದು ಒಂದು ಕೋಣೆ, ಒಂದು ಪುಟ್ಟ ಅಡುಗೆಮನೆ, ಬಟ್ಟೆ ಒಣಗಿಸಲು ತಾರಸಿ. ಅವಳಿಗೆ ಇಪ್ಪತ್ತು ವರ್ಷ. ಫಾರ್ಮಸಿ ಓದಲು ಬಂದಿದ್ದಳು. ಅವಳ ಊರು ಮರುಭೂಮಿಯ ಅಂಚಿನಲ್ಲಂತೆ. ಅಲ್ಲಿ ಮಣ್ಣಿನ ಗೋಡೆಗಳು, ಪ್ರತಿ ಅಂಗಳದಲ್ಲೂ ಒಂದು ದಾಳಿಂಬೆ ಗಿಡ. ಅವಳ ಮನೆತನದಲ್ಲಿ ಓದಲೆಂದು ದೇಶ ಬಿಟ್ಟು ಬಂದ ಮೊದಲ ಹೆಣ್ಣುಮಗಳು ಅವಳೇ. ತಂದೆಗೆ ಇಷ್ಟವಿರಲಿಲ್ಲ. ಮಗಳು ವರ್ಷವಿಡೀ ಹಟ ಹಿಡಿದ ಮೇಲೆ ಒಂದು ಮಾತಿಗೆ ಒಪ್ಪಿದ್ದರು. ಮೊದಲ ಸೆಮಿಸ್ಟರ್ ಮುಗಿಯುವ ತನಕ ಇದ್ದು ನೋಡು, ಒಗ್ಗದಿದ್ದರೆ ವಾಪಸ್ ಬಂದುಬಿಡು, ಮತ್ತೆ ಆ ಮಾತು ಎತ್ತಕೂಡದು. ಇದನ್ನು ಅವಳು ನನಗೆ ಮೊದಲ ವಾರದಲ್ಲೇ ನಗುತ್ತಾ ಹೇಳಿದಳು. ಹೇಳುವಾಗ ತಲೆವಸ್ತ್ರದ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿ ಮಾಡುತ್ತಿದ್ದಳು.

"ಒಗ್ಗುತ್ತೆ ಬಿಡಮ್ಮ," ಅಂದೆ. "ಬೆಂಗಳೂರು ಯಾರಿಗೂ ಒಗ್ಗದೆ ಇರಲ್ಲ."

ಬಂದ ದಿನ ಸಂಜೆಯೇ ನಾನು ತಟ್ಟೆಯಲ್ಲಿ ಬಿಸಿ ಉಪ್ಪಿಟ್ಟು ಹಾಕಿಕೊಂಡು, ಮೇಲೆ ಒಂದಿಷ್ಟು ಕಾಯಿತುರಿ ಉದುರಿಸಿ, ಮೆಟ್ಟಿಲು ಹತ್ತಿದೆ. ಅವಳು ಬಾಗಿಲಲ್ಲಿ ನಿಂತು ಮತ್ತೆ ಎದೆಯ ಮೇಲೆ ಕೈಯಿಟ್ಟಳು.

"ಅಯ್ಯೋ ಬೇಡ ಆಂಟಿ. ನಿಮಗೆ ತೊಂದರೆ. ಥ್ಯಾಂಕ್ಯೂ."

"ಸರಿಯಮ್ಮ" ಎಂದು ನಕ್ಕು ತಟ್ಟೆಯೊಂದಿಗೆ ಇಳಿದು ಬಂದೆ.

ನಾನು ಹಾಗೆ ಬೆಳೆದವಳು. ನಮ್ಮ ಕಾನ್ವೆಂಟಿನಲ್ಲಿ ಮಾರಲ್ ಸೈನ್ಸ್ ಪೀರಿಯಡ್ಡಿನಲ್ಲಿ ಸಿಸ್ಟರ್ ಒಬ್ಬರು ಖಾಲಿ ಕಪ್-ಸಾಸರ್ ಇಟ್ಟುಕೊಂಡು ನಮಗೆ ಅತಿಥಿ ಸತ್ಕಾರ ಕಲಿಸುತ್ತಿದ್ದರು. ಒಬ್ಬಳು ಮನೆಯವಳು, ಒಬ್ಬಳು ಅತಿಥಿ. ನಗುಮುಖದಿಂದ ಒಂದು ಸಲ ಕೇಳಬೇಕು. ಬಂದವರು ಬೇಡವೆಂದರೆ ಅವರ ಮಾತನ್ನು ನಂಬಬೇಕು. ಮತ್ತೆ ಕೇಳಿದರೆ ಅವರ ಮಾತನ್ನು ನಂಬದಂತಾಯಿತು, ಅದು ಅಗೌರವ. ನಾನು ಎರಡನೇ ಸಲ ಕೇಳಿಬಿಟ್ಟು ಇಡೀ ಕ್ಲಾಸಿನ ಎದುರು ಪಾಠವನ್ನು ಮತ್ತೆ ಒಪ್ಪಿಸಿದ್ದು ಇನ್ನೂ ನೆನಪಿದೆ.

ಆಮೇಲೆ ಮದುವೆಯಾಗಿ ದಾವಣಗೆರೆಯ ಮನೆ ಸೇರಿದಾಗ ಆ ಪಾಠದ ಬೆಲೆ ಇನ್ನಷ್ಟು ತಿಳಿಯಿತು. ಅಲ್ಲಿ ಬೇಡ ಎನ್ನುವ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಹೊಸ ಮದುಮಗಳು ನಾನು, ಹೋಳಿಗೆ ಸಾಕೆಂದು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಕೂತಿದ್ದೆ. ಅತ್ತೆ ನನ್ನ ಬೆರಳುಗಳ ಮೇಲೇ ಹೋಳಿಗೆಯಿಟ್ಟು ಅದರ ಮೇಲೆ ಬಿಸಿ ತುಪ್ಪ ಸುರಿದರು. ನನ್ನ ಮನೆಯಲ್ಲಿ ಯಾರಿಗೂ ಹೀಗೆ ಮಾಡಬಾರದೆಂದು ಅವತ್ತೇ ನಿಶ್ಚಯಿಸಿಕೊಂಡೆ.

ಹಾಗಾಗಿ ಮೇಲಿನ ಹುಡುಗಿಯನ್ನೂ ಪ್ರತಿಸಲ ಒಂದೇ ಸಲ ಕೇಳಿದೆ. ಇಡ್ಲಿ ಮಾಡಿದ ದಿನ, ಪುಳಿಯೋಗರೆ ಮಾಡಿದ ದಿನ, ಹಬ್ಬದ ಪಾಯಸದ ದಿನ. ಪ್ರತಿಸಲವೂ ಅವಳು ಬೇಡ ಎಂದಳು. ತಟ್ಟೆ ಹಿಂದಕ್ಕೆ ತಿರುಗುವಾಗ ಅವಳ ಕಣ್ಣು ತಟ್ಟೆಯ ಹಿಂದೆಯೇ ಬರುವುದನ್ನು ನಾನು ಕಂಡಿದ್ದೆ. ಇಂಗಿನ ವಾಸನೆಗೆ ಹಾಗೆ ನೋಡುತ್ತಾಳೆ ಅಂದುಕೊಂಡೆ.

"ಅವಳಿಗೆ ನಮ್ಮ ಊಟ ಸೇರಲ್ಲ ಕಣೇ, ಬಿಡು" ಎಂದರು ನಮ್ಮವರು.

ಅವಳು ನನ್ನನ್ನು ಚಹಾಕ್ಕೆ ಕರೆದ ದಿನ ಇನ್ನೂ ವಿಚಿತ್ರವಾಗಿತ್ತು. ತಾರಸಿಯಿಂದ ಹಪ್ಪಳ ತೆಗೆದುಕೊಂಡು ಬರುತ್ತಿದ್ದೆ. ಬಾಗಿಲು ತೆರೆದು, ಬನ್ನಿ, ಚಹಾ ಕುಡಿಯಿರಿ ಎಂದಳು. ಈಗಷ್ಟೇ ಕುಡಿದೆನಮ್ಮ ಎಂದೆ. ಇಲ್ಲ, ಬನ್ನಿ ಎಂದಳು. ನಿಜವಾಗಲೂ ಬೇಡ ಎಂದೆ. ದಯವಿಟ್ಟು ಎಂದಳು. ಅಷ್ಟು ಹೊತ್ತಿಗೆ ನನಗೆ ಮುಜುಗರವಾಗಿ ಹಪ್ಪಳದ ಮೊರವನ್ನು ಎದೆಗೊತ್ತಿಕೊಂಡು ನಿಂತಿದ್ದೆ. ಅವಳು ಒಳಗೆ ಓಡಿ ತಟ್ಟೆಯಲ್ಲಿ ಪಿಸ್ತಾ, ಒಣದ್ರಾಕ್ಷಿ ತಂದು ಹಿಡಿದಳು. ಮರ್ಯಾದೆಗೆ ಒಂದು ದ್ರಾಕ್ಷಿ ತೆಗೆದುಕೊಂಡು, "ಇನ್ನೊಂದಿನ ಬರ್ತೀನಮ್ಮ" ಎಂದು ಇಳಿದುಬಂದೆ. ಬಾಗಿಲಲ್ಲಿ ಅವಳು ತಟ್ಟೆ ಹಿಡಿದೇ ನಿಂತಿದ್ದಳು.

"ಪಾಪ, ತುಂಬಾ ಬಲವಂತ ಮಾಡ್ತಾಳೆ ಕಣ್ರೀ," ಎಂದು ರಾತ್ರಿ ಊಟದ ಹೊತ್ತಿಗೆ ನಮ್ಮವರಿಗೆ ಹೇಳಿದೆ.

"ನಮ್ಮಮ್ಮನ ಥರ ಅನ್ನು," ಎಂದು ಅವರು ಪೇಪರಿನಿಂದ ತಲೆಯೆತ್ತದೆ ನಕ್ಕರು.

ಮೊದಮೊದಲು ಅವಳಿಗೆ ಎಲ್ಲದರಲ್ಲೂ ಉತ್ಸಾಹ. ಮಸೀದಿ ರಸ್ತೆಗೆ ಹೋಗಿ ಬಂದರೆ ಕಥೆಗಳ ಗಂಟೇ ತರುತ್ತಿದ್ದಳು. ನಿಮ್ಮ ಬಜಾರು ನಮ್ಮದೂ ಬಜಾರು, ನಿಮ್ಮ ದರ್ಜಿ ನಮ್ಮದೂ ದರ್ಜಿ ಎಂದು ಬೆರಳು ಮಡಚುತ್ತಿದ್ದಳು. ದೀಪಾವಳಿ ಕಳೆಯುವ ಹೊತ್ತಿಗೆ ಕಥೆಗಳು ನಿಂತವು. ಮೇಲಿನಿಂದ ಬರುತ್ತಿದ್ದ ಈರುಳ್ಳಿ ಹುರಿಯುವ ವಾಸನೆಯೂ ನಿಂತಿತು. ಕಸದ ಬುಟ್ಟಿಯಲ್ಲಿ ಬ್ರೆಡ್ಡಿನ ಕವರು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಮುಖ ಸಣ್ಣದಾಗಿ ಕಣ್ಣುಗಳಷ್ಟೇ ಉಳಿದಿದ್ದವು. ಕಾಲೇಜಿಗೆ ಹೋಗುವಾಗ ಗೇಟಿನ ಹತ್ತಿರ ನಿಂತು ಉಸಿರೆಳೆದುಕೊಂಡು ಮುಂದೆ ಹೋಗುತ್ತಿದ್ದಳು.

ಒಂದು ಬೆಳಗ್ಗೆ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದಾಗ ಅವಳು ಒದ್ದೆ ಟವೆಲ್ ಕೈಯಲ್ಲಿ ಹಿಡಿದ ಹಾಗೇ ನೀರಿನ ಟ್ಯಾಂಕಿನ ಪಕ್ಕ ಕುಸಿದು ಕೂತಳು. ಕೆಳಗೋಡಿ ನಿಂಬೆಹಣ್ಣಿನ ಪಾನಕ ಮಾಡಿ ತಂದೆ. ಗಾಬರಿಯಲ್ಲಿ ಬೇಕೇ ಎಂದು ಕೇಳುವುದನ್ನೂ ಮರೆತು ನೇರ ಬಾಯಿಗೆ ಹಿಡಿದೆ. ಒಂದೇ ಉಸಿರಿಗೆ ಕುಡಿದಳು. ಆಗಲೂ ನನಗೆ ಹೊಳೆಯಲಿಲ್ಲ.

"ಆಂಟಿ, ನಾನು ಪರೀಕ್ಷೆ ಬರೆದು ಹೊರಟುಬಿಡ್ತೀನಿ ಅನ್ಸುತ್ತೆ," ಎಂದಳು ಖಾಲಿ ಲೋಟ ನನ್ನ ಕೈಗೆ ಕೊಡುತ್ತಾ.

"ಓದು ಕಷ್ಟ ಆಗ್ತಿದೆಯಾ?"

"ಇಲ್ಲ. ಓದು ತುಂಬಾ ಇಷ್ಟ."

"ಮತ್ತೆ?"

"ಇಲ್ಲಿ ಎಲ್ಲರೂ ಒಳ್ಳೆಯವರು. ಆದ್ರೆ ಯಾರಿಗೂ ನಾನು ಬೇಕಾಗಿಲ್ಲ."

ಆ ಮಾತು ನನಗೆ ಚುಚ್ಚಿತು. ದಿನಾ ಕೇಳುತ್ತೇನಲ್ಲ ಎಂದು ಬಾಯಿಯ ತನಕ ಬಂತು. ಅವಳ ಬಿಳುಚಿದ ತುಟಿ ನೋಡಿ ನುಂಗಿಕೊಂಡೆ. ವಾಪಸ್ ಹೋದರೆ ಅವಳ ಓದು ಅಲ್ಲಿಗೆ ಮುಗಿಯಿತು ಎನ್ನುವುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಟವೆಲನ್ನು ನಾನೇ ಹಿಂಡಿ ತಂತಿಯ ಮೇಲೆ ಹಾಕಿದೆ.

ಆ ವಾರವೇ ದಾವಣಗೆರೆಯಿಂದ ಅತ್ತೆ ಬಂದರು. ಅವರು ಬಂದರೆ ಮಂಡಕ್ಕಿ ಚೀಲ, ಖಾರದಪುಡಿ ಡಬ್ಬಿ, ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಬೆಣ್ಣೆ, ಎಲ್ಲ ಜೊತೆಗೇ ಇಳಿಯುತ್ತವೆ. ಮಾರನೇ ದಿನ ಮಧ್ಯಾಹ್ನ ಅಡುಗೆಮನೆಯಲ್ಲಿ ಬದನೆಕಾಯಿ ಎಣ್ಣೆಗಾಯಿ ಮಾಡಿ ಮುಗಿಸಿದ್ದರು. ಅಷ್ಟರಲ್ಲಿ ಹುಡುಗಿ ಗ್ಯಾಸ್ ಸಿಲಿಂಡರಿನ ವಿಷಯ ಕೇಳಲು ಕೆಳಗೆ ಬಂದಳು. ಅತ್ತೆ ಸೌಟು ಹಿಡಿದೇ ಅವಳನ್ನು ಮೇಲಿಂದ ಕೆಳಗೆ ನೋಡಿದರು.

"ಇದ್ಯಾರವ್ವ ಇದು, ಗಾಳಿ ಬಂದ್ರೆ ಹಾರಿಹೋಗೋ ಹಂಗೈತಿ?"

"ಮೇಲಿನ ಮನೆಯವಳು ಅತ್ತೆ. ಹೇಳಿದ್ನಲ್ಲ."

"ಬಾ ತಾಯಿ, ಕುಂದ್ರು. ರೊಟ್ಟಿ ಐತಿ, ಬದ್ನೆಕಾಯಿ ಐತಿ. ಒಂದಿಷ್ಟು ಉಂಡು ಹೋಗು."

ಅತ್ತೆಯದು ಬರೀ ಕನ್ನಡ. ಆದರೆ ಮಣೆಯ ಕಡೆ ತೋರಿಸಿದ ಕೈ ಎಲ್ಲ ಭಾಷೆಯವರಿಗೂ ತಿಳಿಯುವಂಥದ್ದು. ಹುಡುಗಿ ಎದೆಯ ಮೇಲೆ ಕೈಯಿಟ್ಟು ಬೇಡ ಬೇಡ ಎಂದಳು. ಅಷ್ಟು ಕನ್ನಡ ಅವಳು ಕಲಿತಿದ್ದಳು.

"ಬ್ಯಾಡ ಅಂದ್ರೆ? ಬಾ ಇತ್ಲಾಗೆ."

"ಬೇಡ ಅಜ್ಜಿ, ತೊಂದರೆ."

"ಅತ್ತೆ, ಬೇಡ ಅಂತಿದ್ದಾಳಲ್ಲ, ಬಿಡಿ," ಎಂದೆ ನಾನು. "ಬಲವಂತ ಮಾಡಿದ್ರೆ ಅವರಿಗೆ ಮುಜುಗರ ಆಗುತ್ತೆ."

"ಏನು ಬಿಡೋದು? ಮಾನವಂತ ಹೆಣ್ಮಗಳು ಕೇಳಿದ ಕೂಡ್ಲೆ ಹೂಂ ಅಂತಾಳೇನು? ನೀನು ಸುಮ್ನಿರವ್ವ ಕಾನ್ವೆಂಟಮ್ಮ." ಅತ್ತೆ ಹುಡುಗಿಯ ಮಣಿಕಟ್ಟು ಹಿಡಿದು ಎಳೆದುಕೊಂಡು ಬಂದು ಮಣೆಯ ಮೇಲೆ ಕೂರಿಸಿದರು. "ಉಣ್ಣು. ಉಣ್ಣದೆ ಎದ್ದು ಹೋದ್ರೆ ನಾನೂ ಉಣ್ಣಂಗಿಲ್ಲ."

ನಾನು ನಾಚಿಕೆಯಿಂದ ಸಿಂಕಿನ ಕಡೆ ತಿರುಗಿ ನಿಂತೆ. ಈಗ ಇವಳು ಎದ್ದು ಹೋಗುತ್ತಾಳೆ, ಇನ್ನು ಈ ಮನೆಯ ಕಡೆ ತಲೆ ಹಾಕುವುದಿಲ್ಲ ಅಂದುಕೊಂಡೆ. ಬೆನ್ನ ಹಿಂದೆ ರೊಟ್ಟಿ ಮುರಿಯುವ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಹುಡುಗಿ ಬದನೆಕಾಯಿಯ ತುಂಡು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದ್ದಳು.

"ಬಾದೆಂಜಾನ್," ಎಂದಳು ಮೆಲ್ಲಗೆ. ಅವಳ ಭಾಷೆಯಲ್ಲಿ ಬದನೆಕಾಯಿಗೆ ಹಾಗನ್ನುತ್ತಾರಂತೆ.

"ಹ್ಞೂಂ, ಅದೇ, ಬದ್ನೆಕಾಯಿ," ಎಂದು ಅತ್ತೆ ಇನ್ನೊಂದು ಹಾಕಿದರು.

ಅವಳು ತಿಂದಳು. ರೊಟ್ಟಿಯ ಮೇಲೆ ರೊಟ್ಟಿ, ಮೊಸರು, ಶೇಂಗಾ ಚಟ್ನಿ. ತಿನ್ನುತ್ತಾ ತಿನ್ನುತ್ತಾ ಕಣ್ಣಿಂದ ನೀರು ಇಳಿಯತೊಡಗಿತು.

"ಖಾರ ಆತೇನು ಕೂಸಿಗೆ? ಬೆಣ್ಣೆ ಹಾಕ್ ಬಾ ಇಲ್ಲಿ," ಎಂದು ಅತ್ತೆ ನನ್ನನ್ನು ಓಡಿಸಿದರು.

ಖಾರಕ್ಕೆ ಬಂದ ನೀರಲ್ಲ ಅದು. ಕೈ ತೊಳೆದುಕೊಂಡ ಮೇಲೆ ಅವಳು ಅಡುಗೆಮನೆಯ ನೆಲದಲ್ಲೇ ಕೂತು ನನಗೆ ವಿವರಿಸಿದಳು. ಅವಳ ಊರಿನಲ್ಲಿ ಯಾರೇ ಏನೇ ಕೊಟ್ಟರೂ ಮೊದಲು ಬೇಡ ಅನ್ನಬೇಕು. ಅದು ಮರ್ಯಾದೆ. ಕೊಡುವವರು ಮತ್ತೆ ಕೇಳಬೇಕು. ಮತ್ತೆ ಬೇಡ. ಮೂರನೆಯ ಸಲ ಕೇಳಿದಾಗ ಒಪ್ಪಿಕೊಳ್ಳುವುದು. ಈ ಉಪಚಾರಕ್ಕೆ ತಾರೋಫ್ ಎನ್ನುತ್ತಾರೆ. ನಡೆಯಲು ಕಲಿಯುವ ಮಗುವಿಗೂ ಇದು ಗೊತ್ತಂತೆ.

"ನೀವು ದಿನಾ ಒಂದೇ ಸಲ ಕೇಳಿ ತಟ್ಟೆ ತಗೊಂಡು ಬೇಗ ಬೇಗ ಇಳಿದುಬಿಡ್ತಿದ್ರಿ ಆಂಟಿ. ಬಾಯಿಮಾತಿಗೆ ಕೇಳ್ತಾರೆ, ಬೇಡ ಅಂದ ಕೂಡ್ಲೆ ಸಮಾಧಾನ ಆಗುತ್ತೆ ಇವರಿಗೆ ಅಂದ್ಕೊಂಡೆ. ಅಮ್ಮನಿಗೂ ಫೋನಲ್ಲಿ ಹಾಗೇ ಹೇಳ್ದೆ. ಹಾಗಾದ್ರೆ ಅವರಿಗೆ ಭಾರ ಆಗ್ಬೇಡ ಅಂದ್ರು ಅಮ್ಮ."

"ಮತ್ತೆ ಆವತ್ತು ಚಹಾ?"

"ಎಷ್ಟು ಕರೆದ್ರೂ ನೀವು ಒಳಗೆ ಬರ್ಲಿಲ್ಲ. ನನ್ನ ಕೈಯಿಂದ ತಿನ್ನೋಕೆ ನಿಮಗೆ ಇಷ್ಟ ಇಲ್ಲ ಅಂದ್ಕೊಂಡೆ."

ನಾನು ಸ್ಟವ್ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟೆ. ಎಲ್ಲವನ್ನೂ ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅವರು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಕೇಳಿಸಿಕೊಂಡರು.

"ಇದ್ರಾಗೇನೈತಿ ಹೊಸಾದು? ನಮ್ಮೂರಾಗೂ ಹಿಂಗೇ ಅಲ್ಲೇನು?" ಎಂದರು. "ಇಷ್ಟು ದಿನ ಈ ಕೂಸಿನ ಹೊಟ್ಟಿಗೆ ಹಾಕಿದ್ದು ನಿನ್ನ ಕಾನ್ವೆಂಟ್ ಮರ್ಯಾದಿ ಒಂದೇ ಏನವ್ವ?"

ಹುಡುಗಿಗೆ ಏನು ಅರ್ಥವಾಯಿತೋ, ನನ್ನ ಮುಖ ನೋಡಿ ಮೊದಲು ಅವಳು ನಕ್ಕಳು. ಆಮೇಲೆ ನಾನೂ ನಕ್ಕೆ. ನಗುತ್ತಿದ್ದ ಹಾಗೇ ಎದೆಯ ಮೇಲಿಂದ ಏನೋ ಇಳಿದಂತಾಯಿತು. ಅವಳಿಗೆ ಈ ದೇಶ ಒಗ್ಗದೇ ಇದ್ದದ್ದಲ್ಲ. ನಮ್ಮ ಮೆಟ್ಟಿಲ ಮೇಲೇ ಎಲ್ಲ ಕೆಟ್ಟಿತ್ತು. ಮೆಟ್ಟಿಲ ಮೇಲಿನದನ್ನು ಸರಿಮಾಡಬಹುದು.

ಸರಿಮಾಡುವುದು ನಾನಂದುಕೊಂಡಷ್ಟು ಸುಲಭವಿರಲಿಲ್ಲ. ಮಾರನೇ ದಿನ ಸಂಜೆ ಅವಳು ನಮ್ಮಿಬ್ಬರನ್ನೂ ಚಹಾಕ್ಕೆ ಕರೆದಳು. ಅತ್ತೆ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹಾ. ಅವಳು ಕೊಟ್ಟಳು, ಅತ್ತೆ ಬ್ಯಾಡ ಬಿಡವ್ವ ಎಂದರು. ಅವಳು ಮತ್ತೆ ಕೊಟ್ಟಳು, ಅತ್ತೆ ಮತ್ತೆ ತಲೆಯಾಡಿಸಿದರು. ಇಬ್ಬರೂ ಹುಟ್ಟಿನಿಂದ ಒಟ್ಟಿಗೆ ಆಡಿ ಬೆಳೆದವರಂತೆ ಲೋಟವನ್ನು ಅತ್ತ ಇತ್ತ ತಳ್ಳಿದರು, ಕೊನೆಗೆ ಅತ್ತೆ ತೆಗೆದುಕೊಂಡರು. ನಾನು ನೋಡುತ್ತಾ ಕೂತಿದ್ದೆ. ಹುಡುಗಿ ಸಕ್ಕರೆಯ ಗಟ್ಟಿ ತುಂಡನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಅದರ ಮೂಲಕ ಚಹಾ ಹೀರಿದಳು.

"ಥೇಟ್ ನಮ್ಮಜ್ಜ," ಎಂದರು ಅತ್ತೆ ಸಂತೋಷದಿಂದ. "ಬೆಲ್ಲ ಕಚ್ಚಿಗಂಡೇ ಚಾ ಕುಡೀತಿದ್ದ."

ಸಕ್ಕರೆ ಇಟ್ಟಿದ್ದ ಬಟ್ಟಲು ತಾಮ್ರದ್ದು, ಅಂಚಿನ ಸುತ್ತ ಸಣ್ಣ ಸಣ್ಣ ಹೂವು ಕೆತ್ತಿದ್ದರು. ಅತ್ತೆ ಅದನ್ನು ಎತ್ತಿ ತಿರುಗಿಸಿ ನೋಡಿ, ಎಷ್ಟು ಚಂದ ಐತಿ ಎಂದರು. ಹುಡುಗಿ ತಕ್ಷಣ ಸಕ್ಕರೆಯನ್ನು ಕಾಗದದ ಮೇಲೆ ಸುರಿದು, ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಇದು ನಿಮ್ಮದೇ, ದಯವಿಟ್ಟು ತೆಗೆದುಕೊಳ್ಳಿ ಎಂದಳು. ನಾನು ಕನ್ನಡದಲ್ಲಿ ಹೇಳಿದೆ. ಅತ್ತೆ ಬಟ್ಟಲನ್ನು ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿ ಕಟ್ಟಿಕೊಂಡರು. ಊಟ, ಚಹಾಕ್ಕೆ ಬೇಡವೆಂದರೂ ಪ್ರೀತಿಯಿಂದ ಕೊಟ್ಟ ವಸ್ತುವನ್ನು ಬೇಡ ಎನ್ನುವ ಪದ್ಧತಿ ಅವರಲ್ಲಿಲ್ಲ. ಹುಡುಗಿಯ ಮುಖದಲ್ಲಿ ನಗು ಹಾಗೇ ಇತ್ತು. ಆದರೆ ಅವಳ ಕೈ ಮಾತ್ರ ಬಟ್ಟಲಿದ್ದ ಜಾಗದಲ್ಲಿ, ತಟ್ಟೆಯ ಮೇಲೆ, ಸುಮ್ಮನೆ ಆಡುತ್ತಿತ್ತು.

ಕೆಳಗೆ ಬಂದ ಮೇಲೆ ನಾನು ಅತ್ತೆಗೆ, ಅದು ಅವಳ ಮನೆಯ ಹಿರಿಯರದ್ದೇನೋ, ಕೊಡುವುದೂ ಒಂದು ಉಪಚಾರವಿರಬೇಕು, ನಾವು ಬೇಡ ಅನ್ನಬೇಕಿತ್ತೇನೋ ಎಂದೆ.

"ಅಯ್ಯ ನಿನ್ನ! ಅಲ್ಲೇ ಹೇಳಬಾರದಿತ್ತೇನು?" ಅತ್ತೆ ಸೆರಗಿನ ಗಂಟು ಬಿಚ್ಚಿದರು. "ಉಣ್ಣು ಅಂದಾಗ ಬ್ಯಾಡ ಅಂದ್ರೆ ಬೇಕು ಅಂತ. ತಗಾ ಅಂದಾಗ ತಗಾಬಾರ್ದು ಅಂತ. ನಮ್ಮೂರಿಗಿಂತ ಒಂದು ಕೈ ಮುಂದೆ ಅದಾರಲ್ಲ ಇವ್ರು!"

ಬರಿದಾದ ಪಾತ್ರೆ ವಾಪಸ್ ಕೊಡಬಾರದೆಂದು ಅದರ ತುಂಬ ಶೇಂಗಾ ಉಂಡೆ ಹಾಕಿದರು. ತೆಗೆದುಕೊಂಡು ಹೋಗಿ ಕೊಡುವ ಕೆಲಸ ನನ್ನದಾಯಿತು.

"ಬಟ್ಟಲು ನಿನ್ನ ಹತ್ರಾನೇ ಇರ್ಲಿ ಅಂದ್ರು ಅತ್ತೆ," ಎಂದೆ ಬಾಗಿಲಲ್ಲಿ.

"ಇಲ್ಲ ಆಂಟಿ, ಅದು ಈಗ ಕೆಳಗಿನ ಅಜ್ಜಿದು."

ರೂಢಿಯಂತೆ ನನ್ನ ಕಾಲು ಮೆಟ್ಟಿಲ ಕಡೆ ತಿರುಗಿತು. ಹಿಡಿದು ನಿಲ್ಲಿಸಿದೆ.

"ತಗೋಮ್ಮ."

"ಬೇಡ, ನಿಜವಾಗ್ಲೂ ಕೊಟ್ಟಿದ್ದು."

ಕಿವಿ ಬಿಸಿಯಾಯಿತು. ಒಬ್ಬರನ್ನು ಮೂರನೆಯ ಸಲ ಕೇಳುವುದು ನನ್ನ ಜೀವಮಾನದಲ್ಲಿ ಅದೇ ಮೊದಲು. "ತಗೊಳ್ಳದಿದ್ರೆ ನಾನಿಲ್ಲಿಂದ ಹೋಗಲ್ಲ," ಎಂದೆ. ಆ ಮಾತು ಅತ್ತೆಯ ಧಾಟಿಯಲ್ಲೇ ಬಂತು. ಅವಳು ಬಟ್ಟಲನ್ನು ತೆಗೆದುಕೊಂಡು ಎದೆಗೆ ಅಪ್ಪಿಕೊಂಡಳು. ಅವಳು ಊರಿನಿಂದ ಹೊರಡುವ ದಿನ ಅವಳ ಸ್ವಂತ ಅಜ್ಜಿ ಕೊಟ್ಟಿದ್ದಂತೆ ಅದು. ಉಂಡೆ ತಿನ್ನಿ ಎಂದು ನನಗೂ ಒಂದು ಕೊಟ್ಟಳು. ಒಂದೆರಡು ಸಲ ಬೇಡವೆಂದು ಆಮೇಲೆ ತಿಂದೆ. ಇಬ್ಬರೂ ಹೊಸ್ತಿಲ ಮೇಲೆ ಕೂತು ಅರ್ಧ ಬಟ್ಟಲು ಖಾಲಿ ಮಾಡಿದೆವು.

ಆಮೇಲೆ ಅವಳು ನಮ್ಮ ಮನೆಯೊಳಗೆ ಹೊರಗೆ ಓಡಾಡತೊಡಗಿದಳು. ನಾನು ತರಕಾರಿ ಹೆಚ್ಚುವಾಗ ಪಕ್ಕದಲ್ಲಿ ಕೂತು ಔಷಧಿಗಳ ಹೆಸರು ಉರುಹಚ್ಚುತ್ತಿದ್ದಳು. ಕೆನ್ನೆಗೆ ಬಣ್ಣ ಬಂತು. ಪರೀಕ್ಷೆ ಹತ್ತಿರವಾದಂತೆ ನನ್ನ ಅಳುಕು ಬೇರೆಯಾಗಿತ್ತು. ಹುಡುಗಿ ಚೆನ್ನಾಗಿದ್ದಾಳೆಂದು ನಮಗೆ ಗೊತ್ತು, ಅಷ್ಟು ದೂರದಲ್ಲಿರುವ ತಂದೆಗೆ ಗೊತ್ತಾಗುವುದು ಹೇಗೆ? ಮೊದಲು ಮಗಳು ಹೇಳಿದ ಬೇಸರದ ಮಾತುಗಳನ್ನೆಲ್ಲ ಅವರು ಇನ್ನೂ ಮರೆತಿರಲಿಲ್ಲ.

ಸಂಕ್ರಾಂತಿಗೆ ಅತ್ತೆ ಮತ್ತೆ ಬಂದಿದ್ದರು. ಪರೀಕ್ಷೆ ಮುಗಿದ ಮಾರನೇ ದಿನ ಹುಡುಗಿ ಫೋನ್ ಹಿಡಿದುಕೊಂಡು ಇಳಿದುಬಂದಳು. ಅಪ್ಪ ನಿಮ್ಮನ್ನು ನೋಡಬೇಕಂತೆ ಎಂದಳು. ತೆರೆಯ ಮೇಲೆ ಬಿಳಿ ಮೀಸೆಯ ಗಂಭೀರ ಮುಖ, ಪಕ್ಕದಲ್ಲಿ ತಾಯಿ. ನಾನು ನಮಸ್ಕಾರ ಮಾಡಿದೆ. ಅವರು ಬಹಳ ಹೊತ್ತು ಏನೇನೋ ಉಪಚಾರದ ಮಾತಾಡಿದರು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ. ಹುಡುಗಿ ತಲೆ ತಗ್ಗಿಸಿ ಅನುವಾದಿಸಿದಳು.

"ಊಟ ಮಾಡ್ತಾಳಾ ಅಂತ."

ನಾನು ಇಂಗ್ಲಿಷಿನಲ್ಲಿ ಒಳ್ಳೆಯ ವಾಕ್ಯವೊಂದನ್ನು ಜೋಡಿಸುತ್ತಿದ್ದೆ. ಅಷ್ಟರಲ್ಲಿ ಅತ್ತೆ ಫೋನಿನೊಳಗೆ ಮುಖ ತೂರಿಸಿದರು.

"ಉಣ್ತಾಳ್ರೀ! ಉಣ್ಣದಿದ್ರೆ ಬಿಡೋರ್ಯಾರು? ನಾನಿಲ್ಲೇನು?" ಎಂದು ಕೂಗಿ, ಕೈಯಲ್ಲಿ ತುತ್ತು ಮಾಡಿ, ಹುಡುಗಿಯ ಬಾಯಿಗೆ ತುರುಕುವ ಹಾಗೆ ಅಭಿನಯಿಸಿ ತೋರಿಸಿದರು.

ಅಲ್ಲಿ ತಾಯಿ ಬಾಯಿಗೆ ಸೆರಗಿನಂಥ ವಸ್ತ್ರ ಅಡ್ಡ ಹಿಡಿದು ನಕ್ಕರು. ತಂದೆಯ ಮೀಸೆಯೂ ಅಲುಗಿತು. ಅವರು ಮಗಳಿಗೆ ಏನೋ ಹೇಳಿದರು. ಅವಳು ಫೋನ್ ಇಟ್ಟವಳೇ ಹಾಲ್‌ನ ನೆಲದ ಮೇಲೆ ಕೂತುಬಿಟ್ಟಳು.

"ಏನಂದ್ರು?" ಎಂದು ಅವಳ ಪಕ್ಕ ಬಗ್ಗಿದೆ.

"ವಾಪಸ್ ಟಿಕೆಟ್ ಬೇಡ ಅಂದ್ರು. ಮುಂದಿನ ಸೆಮಿಸ್ಟರ್ ಫೀಸ್ ಕಟ್ತಾರಂತೆ."

"ಬೇಡ ಅಂದ್ರೆ ನಿಜವಾಗ್ಲೂ ಬೇಡಾನಾ?" ಎಂದೆ ಗಾಬರಿಯಿಂದ. "ನಾವು ಮೂರು ಸಲ ಕೇಳ್ಬೇಕಾ?"

ಅವಳು ಕಣ್ಣೀರು ಒರೆಸಿಕೊಳ್ಳುತ್ತಲೇ ನಗತೊಡಗಿದಳು. "ಅಪ್ಪ ಮಗಳ ಹತ್ರ ತಾರೋಫ್ ಮಾಡಲ್ಲ ಆಂಟಿ."

ನಾನು ಒಳಗೆ ಹೋಗಿ ಒಂದು ಲೋಟ ನೀರು ಕುಡಿದೆ. ಹಾಲ್‌ನಲ್ಲಿ ಅತ್ತೆ, ಏನಂತೆ, ಏನಂತೆ ಎಂದು ಕೇಳುತ್ತಲೇ ಇದ್ದರು.

ಈಗಲೂ ನನಗೆ ಮೂರು ಸಲ ಕೇಳುವುದು ಸರಾಗವಾಗಿ ಬರುವುದಿಲ್ಲ. ಎರಡನೆಯ ಸಲಕ್ಕೇ ನಾಲಿಗೆ ತೊಡರುತ್ತದೆ. ಆದರೆ ಅದರ ಅಗತ್ಯವೂ ಕಡಿಮೆಯಾಗುತ್ತಾ ಬಂದಿದೆ. ಮೊನ್ನೆ ಮಧ್ಯಾಹ್ನ ಅವರೆಕಾಳು ಸಾರು ಮಾಡಿದ್ದೆ. ಅವಳು ಕಾಲೇಜಿನಿಂದ ಬಂದವಳೇ ಬ್ಯಾಗು ಮೂಲೆಗೆಸೆದು, ಕೈ ತೊಳೆದು, ತಟ್ಟೆ ತೆಗೆದುಕೊಂಡು ತಾನೇ ಬಡಿಸಿಕೊಂಡಳು. ಎರಡು ತುತ್ತು ತಿಂದು ನನ್ನ ಕಡೆ ನೋಡಿದಳು.

"ಆಂಟಿ, ಉಪ್ಪು ಕಮ್ಮಿ ಇದೆ," ಎಂದಳು ಕನ್ನಡದಲ್ಲಿ.

ನಾನು ಉಪ್ಪಿನ ಡಬ್ಬಿ ಅವಳ ಕಡೆ ತಳ್ಳಿದೆ.